ಹಿಂದಕ್ಕೆ ನೋಡಿದರೆ ಜ್ಞಾನಪೀಠ, ಮುಂದಕ್ಕೆ ನೋಡಿದರೆ ಮಕ್ಕಳ ಕಪಾಟು

ಕರಾಳ ಭವಿಷ್ಯದ ವೈಜ್ಞಾನಿಕ ಕಾದಂಬರಿಗೆ ಸರಳವಾದ ಲಕ್ಷಣವೊಂದನ್ನು ಹೇಳಬಹುದು. ನಾಳೆ ಇವತ್ತಿಗಿಂತ ಕೆಟ್ಟದ್ದು ಎಂದು ಹಿಡಿದು, ಆ ಕೇಡು ಯಾವ ಯಂತ್ರದಿಂದ, ಯಾರ ಆಳ್ವಿಕೆಯಿಂದ, ಯಾವ ನೀರು ಬತ್ತಿದ್ದರಿಂದ ಬಂತು ಎಂದು ಲೆಕ್ಕ ಹಾಕಿ ತೋರಿಸುವ ಕಥೆ ಅದು. ಇಂಗ್ಲಿಷಿನಲ್ಲಿ ಇದು ದೊಡ್ಡ ಉದ್ಯಮ. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ‘ವಾರ್‌ಹ್ಯಾಮರ್ 40,000’ ಎಂಬ ಆಟ ಹೊರತಂದಿತು. ಸಿಂಹಾಸನದ ಮೇಲೆ ಹೆಣದಂತೆ ಕುಳಿತ ಚಕ್ರವರ್ತಿಯ ಹೆಸರಿನಲ್ಲಿ ಕೊನೆಯಿಲ್ಲದ ಯುದ್ಧ ನಡೆಯುವ ಆ ಲೋಕದ ಸುತ್ತ ನೂರಾರು ಕಾದಂಬರಿಗಳು ಬಂದಿವೆ. ಅವುಗಳಲ್ಲಿ ಯಾವುದಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ ಎಂಬುದು ಅಲ್ಲಿನ ಓದುಗರ ಮುಗಿಯದ ಜಗಳ. ಕನ್ನಡದಲ್ಲಿ ಆ ಜಗಳಕ್ಕೆ ಆಸ್ಪದವೇ ಇಲ್ಲ. ಇಲ್ಲಿ ಇಡೀ ಪ್ರಕಾರಕ್ಕೇ ಮನ್ನಣೆಯಿಲ್ಲ. ‘ಇದು ಈ ಮಣ್ಣಿನದಲ್ಲ’ ಎಂಬ ಒಂದೇ ಮಾತಿನಲ್ಲಿ ವಿಮರ್ಶೆ ಕೈ ತೊಳೆದುಕೊಂಡಿದೆ.

ಮಣ್ಣಿನ ವಿಚಾರವನ್ನೇ ಮೊದಲು ಎತ್ತಿಕೊಳ್ಳೋಣ. ವಿಜಯಪುರ ಜಿಲ್ಲೆಯ ಬಬಲಾದಿಯಲ್ಲಿ ಶಿವರಾತ್ರಿಯ ಜಾತ್ರೆಗೆ ಸದಾಶಿವ ಮುತ್ಯಾನ ಕಾಲಜ್ಞಾನ ಓದುವ ರೂಢಿಯಿದೆ. ಮುಂದೆ ಮಳೆ ಏನಾಗುತ್ತದೆ, ರಾಜ್ಯಕ್ಕೆ ಏನು ಕಾದಿದೆ, ಜನಕ್ಕೆ ಯಾವ ಕಂಟಕ ಬರುತ್ತದೆ ಎಂಬುದನ್ನು ಕೇಳಲು ಸುತ್ತಲಿನ ತಾಲ್ಲೂಕುಗಳ ಜನ ನೆರೆಯುತ್ತಾರೆ. ಮುದ್ದೇಬಿಹಾಳದಿಂದ ನಾರಾಯಣಪುರದ ಅಣೆಕಟ್ಟೆ ದಾಟಿ ಮುಂದೆ ಹೋದರೆ ಕೊಡೇಕಲ್ಲು. ಅಲ್ಲಿಯ ಬಸವಣ್ಣನ ಪರಂಪರೆಯಲ್ಲಿ ಕಾಲಜ್ಞಾನದ ವಚನಗಳ ರಾಶಿಯೇ ಇದೆ. ಬರಲಿರುವ ನಾಶವನ್ನು ಬಿಡಿಸಿ ಹೇಳುವುದು, ಅದನ್ನು ಜನ ಕಿವಿಗೊಟ್ಟು ಕೇಳುವುದು ಕೃಷ್ಣೆ ಭೀಮೆಯರ ನಡುವೆ ಶತಮಾನಗಳ ಬಳಕೆ. ಹೊಳೆ ದಂಡೆಯಲ್ಲಿ ನಿಂತ ತೊಗರಿ ಬೆಳೆಗಾರನಿಗೆ ಅರ್ಥವಾಗುವ ಈ ಭವಿಷ್ಯದ ಭಯ, ಬೆಂಗಳೂರಿನ ವಿಚಾರ ಸಂಕಿರಣಕ್ಕೆ ಮಾತ್ರ ಪರದೇಶದ ಸರಕಾಗಿ ಕಾಣುತ್ತದೆ. ಈ ಮಣ್ಣು ಯಾವುದೆಂದು ತೀರ್ಮಾನಿಸುವವರ ಕಾಲಿಗೆ ಎರೆಮಣ್ಣು ಎಂದೂ ಮೆತ್ತಿಕೊಂಡಂತಿಲ್ಲ.

ಇನ್ನು ಮನ್ನಣೆಯ ಲೆಕ್ಕ. ಕನ್ನಡಕ್ಕೆ ಎಂಟು ಜ್ಞಾನಪೀಠ ಬಂದಿವೆ. ಮುಂಬರುವ ಕಾಲದಲ್ಲಿ ನಡೆಯುವ ಕಥೆಗೆ ಬಂದದ್ದು ಸೊನ್ನೆ. 1967ರದು ‘ಶ್ರೀರಾಮಾಯಣ ದರ್ಶನಂ’ ಕಾವ್ಯಕ್ಕೆ, ಎಂದರೆ ತ್ರೇತಾಯುಗಕ್ಕೆ. ಮಾಸ್ತಿಯವರೊಂದಿಗೆ ಸೇರಿಕೊಂಡ ‘ಚಿಕವೀರ ರಾಜೇಂದ್ರ’ ಕೊಡಗಿನ ಕೊನೆಯ ಅರಸನದು. ಗೋಕಾಕರ ‘ಭಾರತ ಸಿಂಧು ರಶ್ಮಿ’ ವೇದಕಾಲದ್ದು. ಅತ್ಯಂತ ಸ್ವಾರಸ್ಯದ್ದು 1977ರದು. ಕಾರಂತರ ಮೂಕಜ್ಜಿ ಒಂದು ವಸ್ತುವನ್ನು ಮುಟ್ಟಿದರೆ ಅದರ ಸಾವಿರಾರು ವರ್ಷಗಳ ಹಿಂದಿನ ಬದುಕು ಅವಳ ಕಣ್ಣೆದುರು ನಿಲ್ಲುತ್ತದೆ. ಯಾವ ವಿಮರ್ಶಕನೂ ಇದನ್ನು ಅವಾಸ್ತವ ಎಂದು ಮೂಲೆಗೆ ಸರಿಸಲಿಲ್ಲ. ಅದೇ ಅಜ್ಜಿ ಒಂದು ಮೊಬೈಲ್ ಗೋಪುರವನ್ನು ಮುಟ್ಟಿ ಮುಂದಿನ ನೂರು ವರ್ಷ ಕಂಡಿದ್ದರೆ ಪುಸ್ತಕ ಮಕ್ಕಳ ಕಪಾಟು ಸೇರುತ್ತಿತ್ತು. ಹಿಂದಕ್ಕೆ ಕಾಣುವುದು ದರ್ಶನ, ಮುಂದಕ್ಕೆ ಕಾಣುವುದು ಹುಡುಗಾಟ. ಎಂಟಕ್ಕೆ ಸೊನ್ನೆ ಎಂಬ ಈ ಅಂಕಿಯ ಹಿಂದಿರುವುದು ಇಷ್ಟೇ ತರ್ಕ.

ಕಲ್ಪಿತ ಲೋಕ ಎಂಬುದೇ ದೋಷವಾಗಿದ್ದರೆ ಕಂಬಾರರ ಶಿವಾಪುರಕ್ಕೂ ಆಕ್ಷೇಪ ಬರಬೇಕಿತ್ತು. ಅದು ಯಾವ ತಾಲ್ಲೂಕಿನಲ್ಲಿದೆ ಎಂದು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಹಾಗಾದರೆ ಮಂಗಳ ಗ್ರಹದ ಮೇಲೊಂದು ಊರು ಕಟ್ಟಿದವನಿಗೆ ಮಾತ್ರ ನಕಾಶೆ ತೋರಿಸೆನ್ನುವುದೇಕೆ? ಮುದ್ದೇಬಿಹಾಳ ಸೀಮೆಯ ತಾಳಿಕೋಟೆಯ ಹೆಸರು ಹೊತ್ತ 1565ರ ಯುದ್ಧಕ್ಕೆ ನಾಟಕ, ಕಾದಂಬರಿ, ಲಾವಣಿ ಎಲ್ಲವೂ ಸಂದಿವೆ. ಗಿರೀಶ ಕಾರ್ನಾಡರ ಕೊನೆಯ ನಾಟಕ ‘ರಾಕ್ಷಸ ತಂಗಡಿ’ಯೂ ಅದರದೇ. ಅದೇ ನೆಲದ 2065ನ್ನು ಬರೆದವರನ್ನು ಮಾತ್ರ ದೀಪ ಹಿಡಿದು ಹುಡುಕಬೇಕು.

ನೆರೆಯ ಭಾಷೆಗಳು ಈ ಮಡಿಯನ್ನು ಯಾವತ್ತೋ ಕಳಚಿಟ್ಟಿವೆ. ವಿಜಯಪುರ ಜಿಲ್ಲೆಯ ಇಂಡಿಗೆ ಹೊಂದಿಕೊಂಡ ಮರಾಠಿ ನಾಡಿನಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರ 1974ರಲ್ಲಿ ಬೇರೆ ಹೆಸರಿನಲ್ಲಿ ವಿಜ್ಞಾನ ಕಥೆಯೊಂದನ್ನು ಸ್ಪರ್ಧೆಗೆ ಕಳಿಸಿ ಬಹುಮಾನ ಗೆದ್ದರು. ಅವರ ‘ವಾಮನ ಪರತ ನ ಆಲಾ’ ಕಾದಂಬರಿಯಲ್ಲಿ ರೋಬಾಟೊಂದು ತನ್ನಂಥವನ್ನು ತಾನೇ ಹುಟ್ಟಿಸಲು ಹೊರಡುತ್ತದೆ. ಕೃತಕ ಬುದ್ಧಿಮತ್ತೆಯ ಬಗ್ಗೆ ಇಂದು ಪುಟಗಟ್ಟಲೆ ಆತಂಕ ಬರೆಯುವವರು ಅದನ್ನು ಓದಿದ್ದರೆ ಅರ್ಧ ಬರೆಯುವ ಶ್ರಮ ಉಳಿಯುತ್ತಿತ್ತು. (ಕೇಂದ್ರ ಸಾಹಿತ್ಯ ಅಕಾಡೆಮಿ 2014ರಲ್ಲಿ ಅವರಿಗೆ ಪ್ರಶಸ್ತಿ ಕೊಟ್ಟದ್ದು ಆತ್ಮಕಥೆಗೆ. ಹಿಂದಕ್ಕೆ ನೋಡುವ ಚಟ ಕನ್ನಡದ್ದೊಂದೇ ಅಲ್ಲ.) ತಮಿಳಿನ ಸುಜಾತಾ ಬೆಂಗಳೂರಿನ ಬಿಇಎಲ್‌ನಲ್ಲಿ ಎಂಜಿನಿಯರಾಗಿದ್ದರು. ‘ಎನ್ ಇನಿಯ ಇಯಂದಿರಾ’ದಲ್ಲಿ ಅವರು ಸರ್ವಾಧಿಕಾರಿಯ ಕೈಗೆ ಸಿಕ್ಕ ಮುಂದಿನ ಭಾರತವನ್ನೂ ಜೀನೊ ಎಂಬ ರೋಬಾಟ್ ನಾಯಿಯನ್ನೂ ಸೃಷ್ಟಿಸಿ, ವಾರಪತ್ರಿಕೆಯ ಸಾಮಾನ್ಯ ಓದುಗರನ್ನೇ ಹಿಡಿದರು. ಕನ್ನಡದ ರಾಜಧಾನಿಯಲ್ಲಿದ್ದ ಎಂಜಿನಿಯರ್ ತಮಿಳಿನ ಭವಿಷ್ಯವನ್ನು ಬರೆಯುತ್ತಿದ್ದಾಗ ಕನ್ನಡ ವಿಮರ್ಶೆ ನವ್ಯವೋ ಬಂಡಾಯವೋ ಎಂಬ ಪಂಕ್ತಿಭೇದದಲ್ಲಿ ಮುಳುಗಿತ್ತು.

ಈ ಪ್ರಕಾರಕ್ಕೆ ಬೇಕಾದ ಸರಕು ವಿಜಯಪುರ ಜಿಲ್ಲೆಯಲ್ಲಿ ಬಿದ್ದುಕೊಂಡಿದೆ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ ಉಷ್ಣ ವಿದ್ಯುತ್ ಸ್ಥಾವರವಿದೆ. 800 ಮೆಗಾವಾಟಿನ 3 ಘಟಕ, ಒಟ್ಟು 2,400. ಕಲ್ಲಿದ್ದಲು ದೂರದಿಂದ ಬರುತ್ತದೆ, ನೀರು ಕೃಷ್ಣೆಯದು, ಹಾರುಬೂದಿ ಸುತ್ತಲಿನ ಹೊಲಗಳ ಪಾಲು. 2014ರ ಜುಲೈಯಲ್ಲಿ ಅಲ್ಲಿ ಪ್ರತಿಭಟನೆಗಿಳಿದ ರೈತರ ಮೇಲೆ ಪೊಲೀಸರ ಗುಂಡು ಹಾರಿತು. ಪಕ್ಕದ ಆಲಮಟ್ಟಿಯಲ್ಲಿ ಜಲಾಶಯದ ಮಟ್ಟ 519.6 ಮೀಟರಿನಿಂದ 524.256 ಮೀಟರಿಗೆ ಏರಬೇಕೆಂಬುದು ದಶಕಗಳ ವ್ಯಾಜ್ಯ. ದಶಮಾಂಶದ ಮೂರನೆಯ ಸ್ಥಾನದವರೆಗೆ ಬರೆದಿಟ್ಟ ಆ ಗೆರೆಯ ಕೆಳಗೆ ಯಾರ ಮನೆ, ಮೇಲೆ ಯಾರ ಮನೆ ಎಂಬುದರ ಮೇಲೆ ಊರುಗಳ ಆಯುಷ್ಯ ನಿಂತಿದೆ. ಇಂಡಿಯಲ್ಲಿ ಬರಗಾಲ ಬಂದರೆ ನಿಂಬೆ ಗಿಡ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಂಡು ಹಾಕುತ್ತಾರೆ. ಒಂದು ದಿಕ್ಕಿನಲ್ಲಿ ಮುಳುಗಡೆ, ಇನ್ನೊಂದರಲ್ಲಿ ಕೊಂಡು ತಂದ ನೀರು, ನಡುವೆ ಬೂದಿ. ಇದನ್ನೇ ಲಂಡನ್ನಿನ ಲೇಖಕನೊಬ್ಬ ಬೇರೊಂದು ಗ್ರಹದ ಮೇಲಿಟ್ಟು ಬರೆದರೆ ಅನುವಾದಕ್ಕೆ ಪೈಪೋಟಿ ನಡೆಯುತ್ತದೆ. ಸಿಂದಗಿಯ ತರುಣನೊಬ್ಬ 2080ರಲ್ಲಿಟ್ಟು ಬರೆದರೆ, ‘ವರದಿಯಾಗಿ ಬರೆಯಪ್ಪಾ, ಕಥೆ ಯಾಕೆ’ ಎಂಬ ಉಪದೇಶ ಸಿಗುತ್ತದೆ.

ಉಪದೇಶಕ್ಕಿಂತ ದೊಡ್ಡ ಅಡ್ಡಿ ಪುಸ್ತಕ ಸಿಗದಿರುವುದು. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಆ ಹಣ ಸ್ಥಳೀಯ ಸಂಸ್ಥೆಗಳ ಕೈ ದಾಟಿ ಗ್ರಂಥಾಲಯ ಮುಟ್ಟುವುದಿಲ್ಲವೆಂಬ ದೂರು ಕರದಷ್ಟೇ ಹಳೆಯದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಅರಿವು ಕೇಂದ್ರ ಎಂದು ಹೊಸ ಬೋರ್ಡು ಬಂದಿದೆ, ಒಳಗಿನ ಕಪಾಟು ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಪರೀಕ್ಷೆಯ ಗೈಡುಗಳಿಂದ ತುಂಬಿದೆ. ಕೆಲಸ ಹುಡುಕುವ ಹುಡುಗರ ತಪ್ಪಲ್ಲ ಅದು. ಆದರೆ ಪುಸ್ತಕ ಆಯ್ಕೆಯ ಮೇಜು ಬೆಂಗಳೂರಿನಲ್ಲಿ, ಪ್ರಕಾಶಕರು ಬೆಂಗಳೂರಿನಲ್ಲಿ, ಬಿಡುಗಡೆ ಸಮಾರಂಭ ಬೆಂಗಳೂರಿನಲ್ಲಿ. ಉತ್ತರ ಕರ್ನಾಟಕಕ್ಕೆ ಬರುವುದು ಸಾಹಿತ್ಯ ಸಮ್ಮೇಳನದ ಮೂರು ದಿನದ ಪೆಂಡಾಲು. ವಿಜಯಪುರಕ್ಕೆ ಅದು 2013ರಲ್ಲಿ ಬಂದು ಹೋಯಿತು, ಊರಿನ ಹೆಸರು ಇನ್ನೂ ಬಿಜಾಪುರ ಇದ್ದಾಗ.

ಇಷ್ಟರ ನಡುವೆಯೂ ಓದಬೇಕಾದವು ಇವೆ. ಧಾರವಾಡದ ರಾಜಶೇಖರ ಭೂಸನೂರಮಠ ವಿಜ್ಞಾನ ಕಥನವನ್ನೇ ಕೈಗೆತ್ತಿಕೊಂಡು ಪುಸ್ತಕದ ಮೇಲೆ ಪುಸ್ತಕ ಬರೆದರು. ‘ಆಪರೇಷನ್ ಯು.ಎಫ್.ಓ.’ ಎಂಬ ಹೆಸರಿಗೇ ಮೂಗು ಮುರಿದ ಪಂಡಿತರು ಒಳಪುಟ ತಿರುವಿ ನೋಡಿದ ಕುರುಹು ಕಾಣುವುದಿಲ್ಲ. ಮನು ಎಂಬ ಹೆಸರಿನಲ್ಲಿ ಬರೆದ ಪಿ.ಎನ್. ರಂಗನ್ ಅವರ ‘ಮಹಾಸಂಪರ್ಕ’ ಮಹಾಭಾರತವನ್ನು ವಿಜ್ಞಾನದ ಕಣ್ಣಿನಿಂದ ಮತ್ತೆ ಹೇಳುತ್ತದೆ. ತರ್ಕ ಅಲ್ಲಲ್ಲಿ ಸಡಿಲ, ಧೈರ್ಯ ಮಾತ್ರ ದೊಡ್ಡದು. ತೇಜಸ್ವಿಯವರ ‘ಕರ್ವಾಲೊ’ಗೆ ಓದುಗರ ಕೊರತೆಯಿಲ್ಲ. ಆದರೆ ಹಾರುವ ಓತಿಯ ಬೆನ್ನು ಹತ್ತಿದ ಆ 1980ರ ಕಾದಂಬರಿಯನ್ನು ವಿಜ್ಞಾನ ಕಥೆ ಎಂದು ಕರೆಯಲು ಪಾಠ ಹೇಳುವವರು ಇವತ್ತಿಗೂ ನಾಚುತ್ತಾರೆ.

ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ತೇಜಸ್ವಿಯವರದೇ ‘ಚಿದಂಬರ ರಹಸ್ಯ’. ಮಲೆನಾಡಿನ ಕೆಸರೂರಿನಲ್ಲಿ ಏಲಕ್ಕಿ ಇಳುವರಿ ಕುಸಿಯುತ್ತಿದೆ, ಜೋಗಿಹಾಳ್ ಎಂಬ ವಿಜ್ಞಾನಿ ಸತ್ತಿದ್ದಾನೆ, ಸಾವಿನ ಸುತ್ತ ಸಂಶಯವಿದೆ, ತನಿಖೆಗೆ ಶಾಮನಂದನ ಅಂಗಡಿ ಬರುತ್ತಾನೆ. ಬೆಳೆಯ ಕಾಯಿಲೆ, ಜಾತಿ ಮತದ ಕಾಯಿಲೆ, ಸರ್ಕಾರಿ ಕಾಗದದ ಕಾಯಿಲೆ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ, ಲಾಂಟಾನ ಪೊದೆ ಊರನ್ನು ಮುತ್ತುತ್ತದೆ, ಕೊನೆಗೆ ಬೆಂಕಿ. ಕೆಟ್ಟವನೊಬ್ಬನನ್ನು ಹಿಡಿದು ಊರು ಉಳಿಸಿಕೊಳ್ಳುವ ಸಮಾಧಾನ ಅಲ್ಲಿ ಓದುಗನಿಗೆ ಇಲ್ಲ, ಏಕೆಂದರೆ ಎಲ್ಲರೂ ಸ್ವಲ್ಪ ಸ್ವಲ್ಪವೇ ಸೇರಿ ಆ ಬೆಂಕಿಗೆ ಸೌದೆ ಒಟ್ಟಿದ್ದಾರೆ. ಒಂದು ಪರಿಸರ ವ್ಯವಸ್ಥೆ ಮತ್ತು ಒಂದು ಸಮಾಜ ಒಟ್ಟಿಗೆ ಕುಸಿಯುವುದನ್ನು ಇಷ್ಟು ನಗಿಸುತ್ತ, ಇಷ್ಟು ನಿರ್ದಯವಾಗಿ ತೋರಿಸಿದ ಇನ್ನೊಂದು ಕನ್ನಡ ಕಾದಂಬರಿಯಿಲ್ಲ. ಕೂಡಗಿಯ ಬೂದಿಯ ಪಕ್ಕದಲ್ಲಿ ಕುಳಿತು ಓದುವವನಿಗೆ ಕೆಸರೂರು ಮಲೆನಾಡಿನಲ್ಲಿದೆ ಎಂಬುದು ನಾಲ್ಕು ಪುಟದೊಳಗೆ ಮರೆತುಹೋಗುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿ 1987ರಲ್ಲಿ ಇದಕ್ಕೆ ಪ್ರಶಸ್ತಿ ಕೊಟ್ಟಿತು. ಅದರ ಬೆನ್ನಿಗೆ ವಿಮರ್ಶೆ ‘ಮಲೆನಾಡಿನ ಸಾಮಾಜಿಕ ಕಾದಂಬರಿ’ ಎಂಬ ಚೀಟಿ ಅಂಟಿಸಿ ನಿಟ್ಟುಸಿರು ಬಿಟ್ಟಿತು. ಕನ್ನಡದಲ್ಲಿ ಇಲ್ಲವೇ ಇಲ್ಲ ಎಂದು ಸಾಧಿಸುತ್ತಿರುವ ಪ್ರಕಾರವೊಂದಕ್ಕೆ ತಾವೇ ಕೈಯಾರೆ ಹಾರ ಹಾಕಿದ್ದು ಆ ಪಂಡಿತರಿಗೆ ಇಂದಿಗೂ ಗೊತ್ತಾಗಿಲ್ಲ.