ವಿಲ್ಲಿ ಲೋಮನ್ ನೌಕರನೇ?

ಕಳೆದ ತಿಂಗಳು ನಮ್ಮ ಕಾಲೇಜಿನ ಸಾಹಿತ್ಯ ಸಂಘದಲ್ಲಿ ದುರಂತ ನಾಟಕಗಳ ಬಗ್ಗೆ ಮಾತುಕತೆ ನಡೆಯಿತು. ಇಂಗ್ಲಿಷ್ ಸರ್ ಒಂದು ಮಾತು ಹೇಳಿದರು: ನಿಜವಾದ ದುರಂತವನ್ನು ಯಾವ ಸರ್ಕಾರವೂ ತಪ್ಪಿಸಲಾರದು, ಒಂದು ಒಳ್ಳೆಯ ಕಾಯ್ದೆಯಿಂದ ಸರಿಹೋಗುವುದಾದರೆ ಅದು ದುರಂತವಲ್ಲ, ಬರೀ ಸಾಮಾಜಿಕ ಸಮಸ್ಯೆ. ಜಾರ್ಜ್ ಸ್ಟೈನರ್ ಎಂಬ ವಿಮರ್ಶಕ 1961ರಲ್ಲಿ 'ದ ಡೆತ್ ಆಫ್ ಟ್ರ್ಯಾಜಿಡಿ' ಎಂಬ ಪುಸ್ತಕದಲ್ಲಿ ಹೆಚ್ಚುಕಡಿಮೆ ಹೀಗೇ ವಾದಿಸಿದ್ದಾನಂತೆ. ಈಡಿಪಸ್ ತಿಳಿಯದೆ ತಂದೆಯನ್ನು ಕೊಂದ, ತಾಯಿಯನ್ನು ಮದುವೆಯಾದ. ಇದಕ್ಕೆ ಯಾವ ಇಲಾಖೆಯಲ್ಲಿ ಅರ್ಜಿ ಹಾಕುವುದು? ಬಿ.ಎಂ.ಶ್ರೀ. ಅವರು ಸೊಫೋಕ್ಲಿಸನ ನಾಟಕವೊಂದನ್ನು 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ತಂದರಲ್ಲ, ಆ ವೀರನ ಅವಮಾನಕ್ಕೂ ಪರಿಹಾರ ನಿಧಿ ಇಲ್ಲ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಮಾತ್ರ ಯಾಕೋ ಸಿಟ್ಟು ಬಂತು.

ಕಾರಣ, ಅದೇ ವಾರ ಲೈಬ್ರರಿಯಿಂದ ತಂದ 'ಡೆತ್ ಆಫ್ ಎ ಸೇಲ್ಸ್‌ಮನ್' ಓದಿ ಮುಗಿಸಿದ್ದೆ. ಆರ್ಥರ್ ಮಿಲ್ಲರ್ ಬರೆದ ಈ ನಾಟಕ 1949ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ರಂಗಕ್ಕೆ ಬಂತು. ವಿಲ್ಲಿ ಲೋಮನ್‌ಗೆ 63 ವರ್ಷ. ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಕಂಪನಿಗಾಗಿ ಕಾರು ಓಡಿಸಿಕೊಂಡು ಊರೂರು ತಿರುಗಿ ಸಾಮಾನು ಮಾರಿದವನು. ನಾಟಕ ಆರಂಭವಾಗುವ ಹೊತ್ತಿಗೆ ಅವನ ಸಂಬಳ ನಿಂತಿದೆ, ಕಮಿಷನ್ ಮಾತ್ರ. ಹಳೆಯ ಮಾಲೀಕನ ಮಗ ಹೊವಾರ್ಡ್ ಈಗ ಯಜಮಾನ. ಅವನೆದುರು ಕೂತು ವಿಲ್ಲಿ, ಇನ್ನು ತಿರುಗಲಾರೆ, ಊರಲ್ಲೇ ಕೆಲಸ ಕೊಡು ಎಂದು ಕೇಳುತ್ತಾನೆ. ವಾರಕ್ಕೆ 65 ಡಾಲರ್ ಸಾಕು ಎನ್ನುತ್ತಾನೆ. ಆಮೇಲೆ 50. ಆಮೇಲೆ 40. ಹೊವಾರ್ಡ್‌ಗೆ ತಾನು ಹೊಸದಾಗಿ ಕೊಂಡ ಧ್ವನಿಮುದ್ರಣ ಯಂತ್ರದಲ್ಲಿ ಮಕ್ಕಳ ದನಿ ಕೇಳಿಸುವ ಉತ್ಸಾಹ. ಕೊನೆಗೆ ಅಲ್ಲಿಯೇ, ಆಗಲೇ, ಕೆಲಸದಿಂದ ತೆಗೆಯುತ್ತಾನೆ. 65, 50, 40 ಎಂದು ಇಳಿಯುವ ಆ ಲೆಕ್ಕ ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇದನ್ನು ಕಾಯ್ದೆ ಸರಿಪಡಿಸಬಹುದಿತ್ತೇ? ಹುಡುಕಿ ಓದಿದೆ. ಅಮೆರಿಕದಲ್ಲಿ 1935ರಲ್ಲೇ ಸಾಮಾಜಿಕ ಭದ್ರತಾ ಕಾಯ್ದೆ ಬಂದಿತ್ತು, ಆದರೆ ಪಿಂಚಣಿಗೆ 65 ತುಂಬಬೇಕು. ವಿಲ್ಲಿಗೆ ಎರಡು ವರ್ಷ ಕಡಿಮೆ. 1938ರ ಕನಿಷ್ಠ ವೇತನದ ಕಾಯ್ದೆ ಹೊರಗೆ ತಿರುಗಿ ಮಾರುವ ಸೇಲ್ಸ್‌ಮನ್‌ಗಳನ್ನು ಹೆಸರು ಹೇಳಿಯೇ ಕೈಬಿಟ್ಟಿತ್ತು. ಇನ್ನೂ ಒಂದಿದೆ. 1948ರ ಜೂನ್‌ನಲ್ಲಿ, ಅಧ್ಯಕ್ಷ ಟ್ರೂಮನ್ ಬೇಡವೆಂದರೂ ಅವರ ತಡೆಯನ್ನು ಮೀರಿ, ಅಲ್ಲಿನ ಸಂಸತ್ತು ಸಾಮಾಜಿಕ ಭದ್ರತೆಯಲ್ಲಿ 'ನೌಕರ' ಎಂಬ ಪದದ ಅರ್ಥವನ್ನು ಕಿರಿದುಗೊಳಿಸಿತು. ಕಮಿಷನ್ ಮೇಲೆ ದುಡಿಯುವ ಎಷ್ಟೋ ಸೇಲ್ಸ್‌ಮನ್‌ಗಳು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು ಎಂದಾಯಿತು. ಸಂಬಳ ನಿಂತು ಬರೀ ಕಮಿಷನ್ ಉಳಿದ ವಿಲ್ಲಿ ಈ ಗೆರೆಯ ಯಾವ ಕಡೆ ಬೀಳುತ್ತಿದ್ದ ಎಂದು ವಕೀಲರು ಜಗಳವಾಡಬಹುದು. ನಾಟಕ ಬಂದದ್ದು ಎಂಟು ತಿಂಗಳ ನಂತರ. 1950ರ ಆಗಸ್ಟ್‌ನಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಪೂರ್ಣಕಾಲ ಊರೂರು ತಿರುಗುವ ಸೇಲ್ಸ್‌ಮನ್‌ಗಳೂ ಒಳಗೆ ಬಂದರು. 1961ರಲ್ಲಿ ಗಂಡಸರು 62ಕ್ಕೇ ಕಡಿಮೆ ಪಿಂಚಣಿ ಪಡೆಯಬಹುದೆಂದಾಯಿತು. 40ರಿಂದ 65ರೊಳಗಿನವರನ್ನು ವಯಸ್ಸಿನ ಕಾರಣಕ್ಕೆ ತೆಗೆಯಬಾರದೆಂಬ ಕಾಯ್ದೆ 1967ರದ್ದು.

ಅಂದರೆ ಎಲ್ಲವೂ ಬಂತು. ವಿಲ್ಲಿ ಸತ್ತ ಮೇಲೆ.

ಸರ್ ಹೇಳಿದ ಮಾತಿಗೆ ನನ್ನ ತಕರಾರು ಇಲ್ಲಿದೆ. ಗ್ರೀಕರ 'ಆಂಟಿಗೊನೆ'ಯನ್ನೇ ನೋಡಿ. ಅಲ್ಲಿ ಅನರ್ಥಕ್ಕೆ ಕಾರಣ ಒಂದು ಸರ್ಕಾರಿ ಆದೇಶ: ಪಾಲಿನೈಸಿಸನ ಶವವನ್ನು ಯಾರೂ ಹೂಳಬಾರದು. ಅಣ್ಣನ ಮೇಲೆ ಮಣ್ಣು ಹಾಕಿದ ತಪ್ಪಿಗೆ ಆಂಟಿಗೊನೆಯನ್ನು ಗುಹೆಯಲ್ಲಿ ಮುಚ್ಚುತ್ತಾರೆ. ಆದೇಶ ಹೊರಡಿಸಿದ ಕ್ರಿಯಾನ್ ಕೊನೆಗೆ ಮನಸ್ಸು ಬದಲಿಸುತ್ತಾನೆ, ಆದೇಶ ಹಿಂತೆಗೆದುಕೊಳ್ಳುತ್ತಾನೆ, ಬಿಡಿಸಲು ಓಡುತ್ತಾನೆ. ಮೊದಲು ಶವ ಹೂಳಿ ಆಮೇಲೆ ಗುಹೆಗೆ ಹೋಗುತ್ತಾನೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ತಿದ್ದಲು ಸಾಧ್ಯವಿತ್ತು, ತಿದ್ದಿಯೂ ಆಯಿತು, ತಡವಾಯಿತು. ಇದನ್ನು ಯಾರೂ 'ಸಾಮಾಜಿಕ ಸಮಸ್ಯೆ' ಎಂದು ಕೆಳಗಿನ ಸಾಲಿಗೆ ತಳ್ಳುವುದಿಲ್ಲ. ರಾಜನ ಮನೆಯಲ್ಲಿ ನಡೆದರೆ ದುರಂತ, ಕಂತು ಕಟ್ಟುವವನ ಮನೆಯಲ್ಲಿ ನಡೆದರೆ ಸಮಸ್ಯೆಯೇ? ಸಾಮಾನ್ಯ ಮನುಷ್ಯನೂ ದುರಂತಕ್ಕೆ ಅರ್ಹ ಎಂದು ಮಿಲ್ಲರ್ ಅದೇ 1949ರಲ್ಲಿ ಪತ್ರಿಕೆಯಲ್ಲಿ ಲೇಖನ ಬರೆದ. ಆ ಮಾತನ್ನು ಬರೆದು ವಾದಿಸಬೇಕಾಯಿತಲ್ಲ ಎಂಬುದೇ ನನಗೆ ಆಶ್ಚರ್ಯ.

ಆದರೂ ಸರ್ ಅವರದು ಪೂರ್ತಿ ತಪ್ಪು ಎನ್ನಲಾರೆ. ನಾಟಕದಲ್ಲಿ ಚಾರ್ಲಿ ಎಂಬ ನೆರೆಯವನಿದ್ದಾನೆ. ವಾರಕ್ಕೆ 50 ಡಾಲರ್‌ಗೆ ನನ್ನಲ್ಲೇ ಕೆಲಸ ಮಾಡು ಎನ್ನುತ್ತಾನೆ. ಹೊವಾರ್ಡ್ ಎದುರು 40ಕ್ಕೆ ಇಳಿದಿದ್ದ ವಿಲ್ಲಿ ಇದನ್ನು ಬೇಡವೆನ್ನುತ್ತಾನೆ. ಚಾರ್ಲಿಯಿಂದ ಸಾಲ ತೆಗೆದುಕೊಳ್ಳುತ್ತಾನೆ, ಕೆಲಸ ಮಾತ್ರ ಬೇಡ. ಇದಕ್ಕೆ ಯಾವ ಕಲಮು ಬರೆಯುತ್ತೀರಿ? ಕೊನೆಗೆ ತನ್ನ 20,000 ಡಾಲರ್ ವಿಮೆಯೇ ಮಕ್ಕಳಿಗೆ ತನಗಿಂತ ಉಪಯುಕ್ತ ಎಂದುಕೊಳ್ಳುವ ಆ ತಪ್ಪು ಲೆಕ್ಕವೂ ಪಿಂಚಣಿಯಿಂದ ಮಾತ್ರ ಸರಿಹೋಗುತ್ತಿತ್ತೆಂದು ನಾನು ಹೇಳುವುದಿಲ್ಲ. ಅವನನ್ನು ಹೂಳಿದ ದಿನವೇ ಮನೆಯ ಸಾಲದ ಕೊನೆಯ ಕಂತು ತೀರಿರುತ್ತದೆ.

ನನ್ನ ಸಿಟ್ಟಿಗೆ ಮನೆಯ ಕಾರಣವೂ ಇದೆ. ನನ್ನ ಅಣ್ಣ ಬೈಕಿನಲ್ಲಿ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ಕಂಪನಿ ಅವನನ್ನು ನೌಕರ ಎನ್ನುವುದಿಲ್ಲ, 'ಪಾರ್ಟ್‌ನರ್' ಎನ್ನುತ್ತದೆ. ಒಂದು ರಾತ್ರಿ ಅವನ ಐಡಿ ಬ್ಲಾಕ್ ಆಯಿತು. ಕಾರಣ ಕೇಳಲು ಒಬ್ಬ ಹೊವಾರ್ಡ್ ಕೂಡ ಎದುರಿಗಿರಲಿಲ್ಲ, ಆ್ಯಪ್ ಇತ್ತು. ಹದಿನಾರು ದಿನ ಮನೆಯಲ್ಲಿ ಕೂತ. ಇದೆಲ್ಲ ಆದದ್ದು 2025ರ ಮೊದಲು. ಆ ವರ್ಷ ಕರ್ನಾಟಕದಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ ಬಂತು. ಕಲ್ಯಾಣ ಮಂಡಳಿ ಇದೆ, ತೆಗೆಯುವ ಮೊದಲು ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕೆಂದಿದೆ. ಒಳ್ಳೆಯದು. ಅಣ್ಣ ನೋಂದಣಿ ಮಾಡಿಸಿದ್ದಾನೆ. ಅಷ್ಟಾದರೂ ಅವನು ನೌಕರನೇ ಎಂಬ ಪ್ರಶ್ನೆ ಅಲ್ಲೇ ಉಳಿದಿದೆ.

ಮೊನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಅವನಿಗೆ ವಿಲ್ಲಿಯ ಕಥೆ ಹೇಳಿದೆ. ಪೂರ್ತಿ ಕೇಳಿ, "ಆ ಮುದುಕ ಚಾರ್ಲಿ ಕೊಟ್ಟ ಕೆಲಸ ಯಾಕೆ ಒಪ್ಪಲಿಲ್ಲ?" ಎಂದ. ಆ ಹದಿನಾರು ದಿನ ಮಾಮ ತಮ್ಮ ಅಂಗಡಿಗೆ ಬಾ ಎಂದು ಎರಡು ಸಲ ಕರೆದಿದ್ದರು. ಇವನು ಹೋಗಿರಲಿಲ್ಲ. ಅಮ್ಮ ನನ್ನ ಕಡೆ ನೋಡಿದಳು. ನಾನು ಸಾರು ಬಡಿಸಿಕೊಂಡೆ.