ಓಡುವ ಉಪಾಧ್ಯಾಯರೂ ಓದುವ ಮಕ್ಕಳೂ

ಉಪಾಧ್ಯಾಯರೊಬ್ಬರು ಮ್ಯಾರಥಾನ್ ಓಟಕ್ಕೆಂದು ಬೆಳಗಿನ ಜಾವದಲ್ಲಿ ಅಭ್ಯಾಸ ಮಾಡುವರೆಂದೂ, ವಿದ್ಯಾರ್ಥಿಗಳನ್ನೂ ಜೊತೆಗೆ ಕರೆದೊಯ್ಯುವರೆಂದೂ ತಿಳಿದೊಡನೆ ವಿದ್ಯಾವಂತರ ಮನೆಗಳಲ್ಲಿ ಮೂರು ಆಕ್ಷೇಪಣೆಗಳು ಏಳುತ್ತವೆ. ಪಾಠ ಹೇಳತಕ್ಕವರಿಗೆ ಓಟವೇಕೆ ಎಂಬುದು ಮೊದಲನೆಯದು. ಪರೀಕ್ಷೆಗೆ ಓದಬೇಕಾದ ಮಕ್ಕಳ ಕಾಲವು ಹಾಳಾಗುವುದೆಂಬುದು ಎರಡನೆಯದು. ಬೆಳೆದ ಹೆಣ್ಣುಮಕ್ಕಳು ಬೀದಿಯಲ್ಲಿ ಓಡುವುದು ಚೆನ್ನಲ್ಲವೆಂಬುದು ಮೂರನೆಯದು; ಇದನ್ನು ಬಾಯಿಬಿಟ್ಟು ಹೇಳುವವರು ಕಡಮೆ, ಮನಸ್ಸಿನಲ್ಲಿಟ್ಟುಕೊಂಡವರು ಬಹಳ. ಈ ಮೂರಕ್ಕೂ ಜಪಾನಿನ ಭೂಗೋಳದ ಮೇಷ್ಟರೊಬ್ಬರ ಚರಿತ್ರೆಯಲ್ಲಿ ಉತ್ತರವುಂಟು.

ಅವರ ಹೆಸರು ಶಿಜೊ ಕನಕುರಿ, ಜನನ 1891. ಉಪಾಧ್ಯಾಯರನ್ನು ತಯಾರಿಸುವ ತೋಕಿಯೋದ ಹೈಯರ್ ನಾರ್ಮಲ್ ಸ್ಕೂಲಿನಲ್ಲಿ ಅವರು ಓದಿದರು. ಜೂಡೋ ವಿದ್ಯೆಯ ಸ್ಥಾಪಕರಾದ ಜಿಗೊರೊ ಕಾನೊ ಅಲ್ಲಿ ಮುಖ್ಯಾಧಿಕಾರಿಗಳು. 1912ರಲ್ಲಿ, ಜಪಾನು ಮೊದಲ ಬಾರಿಗೆ ಪಾಲ್ಗೊಂಡ ಸ್ಟಾಕ್‌ಹೋಮಿನ ಒಲಿಂಪಿಕ್ ಕೂಟಕ್ಕೆ, ಕನಕುರಿಯವರು ಹಡಗು ರೈಲುಗಳಲ್ಲಿ ಪ್ರಯಾಣಮಾಡಿ ಹೋದರು. ಓಟದ ದಿನ ಬಿಸಿಲು ಅತಿಕಠೋರವಾಗಿತ್ತು. ಪೋರ್ಚುಗಲಿನ ಫ್ರಾನ್ಸಿಸ್ಕೊ ಲಾಜಾರೊ ಎಂಬ ಓಟಗಾರನು ದಾರಿಯಲ್ಲಿ ಕುಸಿದು ಮರುದಿನ ಪ್ರಾಣಬಿಟ್ಟನು. ಕನಕುರಿಯವರೂ ನಡುದಾರಿಯಲ್ಲಿ ಬಳಲಿ, ಅಲ್ಲಿಯ ಮನೆಯೊಂದರವರ ಉಪಚಾರ ಪಡೆದು, ಓಟದ ಅಧಿಕಾರಿಗಳಿಗೆ ತಿಳಿಸದೆ ಹಿಂದಿರುಗಿದರು. 1916ರ ಕೂಟವು ಮಹಾಯುದ್ಧದಿಂದ ನಿಂತುಹೋಯಿತು. 1920ರಲ್ಲಿ ಆಂಟ್ವರ್ಪಿನಲ್ಲಿ ಅವರಿಗೆ ದೊರೆತದ್ದು 16ನೆಯ ಸ್ಥಾನ. 1924ರಲ್ಲಿ ಪ್ಯಾರಿಸಿನಲ್ಲಿ ಓಟವನ್ನು ಮುಗಿಸಲಾಗಲಿಲ್ಲ. ಪದಕವೊಂದೂ ಬರಲಿಲ್ಲ.

ಪದಕವನ್ನೇ ಫಲವೆಂದೆಣಿಸುವವರಿಗೆ ಇದು ವ್ಯರ್ಥಶ್ರಮವೆಂದು ತೋರಬಹುದು. ಆದರೆ ಈ ವರ್ಷಗಳಲ್ಲೇ ಅವರು ಶಾಲೆಯಲ್ಲಿ ಪಾಠ ಹೇಳುತ್ತ ಓಟವನ್ನೂ ಸಾಧಿಸುತ್ತಿದ್ದರು. ಒಬ್ಬನ ಓಟಕ್ಕಿಂತ ಹಲವರ ಓಟವು ದೊಡ್ಡದೆಂದು ತಿಳಿದು, ವಿದ್ಯಾರ್ಥಿಗಳು ಸರದಿಯ ಮೇಲೆ ಓಡುವ ಹಕೊನೆ ಎಕಿಡೆನ್ ಎಂಬ ಪಂದ್ಯವನ್ನು 1920ರಲ್ಲಿ ಆರಂಭಿಸುವುದರಲ್ಲಿ ಮುಂದಾಳಾದರು. ನಾಲ್ಕೇ ವಿದ್ಯಾಲಯಗಳಿಂದ ಮೊದಲಾದ ಆ ಪಂದ್ಯವನ್ನು ಈಗ ಹೊಸವರ್ಷದ ಎರಡು ದಿನ ಆ ದೇಶವೆಲ್ಲ ಕಣ್ಣಿಟ್ಟು ನೋಡುತ್ತದೆ. ಮುಂದೆ ಕನಕುರಿಯವರು ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯರಾಗಿ, ಬಾಲಿಕೆಯರಿಗೂ ಆಟಪಾಟಗಳು ಅವಶ್ಯವೆಂದು ವಾದಿಸಿ ಅವುಗಳನ್ನು ಪ್ರಚಾರಕ್ಕೆ ತಂದರು. ಇದು ನೂರು ವರ್ಷಗಳ ಹಿಂದಿನ ಮಾತು. ಇಂದಿಗೂ ಮಗಳಿಗೆ ಓಟ ಬೇಡವೆನ್ನುವ ಪದವೀಧರ ತಂದೆತಾಯಿಗಳು ಇದನ್ನು ಕೇಳಿ ನಾಚಬೇಡವೆ?

ಕಾಲವು ಹಾಳಾಗುವುದೆಂಬ ಮಾತೂ ಗಟ್ಟಿಯಲ್ಲ. 5ರಿಂದ 17 ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಅಂಗಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಶಾಲೆಗೆ ಆಟದ ಬಯಲು ಇರತಕ್ಕದ್ದೆಂದು ಭಾರತದ 2009ರ ಶಿಕ್ಷಣ ಹಕ್ಕಿನ ಕಾಯಿದೆಯೇ ವಿಧಿಸಿದೆ. ಆದರೂ ಪರೀಕ್ಷೆ ಸಮೀಪಿಸಿತೆಂದರೆ ಆಟದ ಪೀರಿಯಡನ್ನು ಗಣಿತಕ್ಕೆ ಬಿಟ್ಟುಕೊಡುವ ಶಾಲೆಗಳು ಕನ್ನಡನಾಡಿನಲ್ಲಿ ಅಪರೂಪವಲ್ಲ. ಮಕ್ಕಳ ಪಾಲಿನ ಆ ಗಂಟೆಯನ್ನು ಕಸಿದವರೇ ಉಪಾಧ್ಯಾಯರ ಮೇಲೆ ಕಾಲಹರಣದ ಅಪವಾದ ಹೊರಿಸುವುದು ವಿಚಿತ್ರವಷ್ಟೆ! ಇನ್ನು ಮರದ ನೆರಳಿನಲ್ಲಿ ಕುರ್ಚಿ ಹಾಕಿ ಕುಳಿತು, ಮಕ್ಕಳನ್ನು ಬಯಲಲ್ಲಿ ಸುತ್ತು ಹೊಡೆಸುವ ಮೇಷ್ಟರುಂಟು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಅಂಥವರಿಗೆ ಸಲ್ಲುವುದು. ತಾನೇ ಬೆವರು ಸುರಿಸಿ, ತಾನೇ ಸೋತು, ಮರುದಿನ ಮತ್ತೆ ಎದ್ದು ಹೊರಡುವವನ ಬೆನ್ನ ಹಿಂದೆ ಕಲಿತ ಪಾಠವು ಮಕ್ಕಳ ಮನಸ್ಸಿನಲ್ಲಿ ನಿಲ್ಲುವಂತೆ ಬಾಯಿಪಾಠವು ನಿಲ್ಲದು.

ಹಾಗೆಂದು ಓಡುವ ಉಪಾಧ್ಯಾಯರಿಗೆ ಅಂಕುಶವೇ ಬೇಡವೆಂದಲ್ಲ. ಮ್ಯಾರಥಾನಿನ 42.195 ಕಿಲೋಮೀಟರು ಪ್ರಾಯಕ್ಕೆ ಬಂದವರ ದೂರ, ಮಕ್ಕಳದಲ್ಲ. ಅವರಿಗೆ ಅವರವರ ಶಕ್ತಿಯೇ ಅಳತೆ. ಬಿಸಿಲೇರುವ ಮುನ್ನ ಅಭ್ಯಾಸ ಮುಗಿಯಬೇಕು, ನೀರು ಕೈಯೆಟುಕಿನಲ್ಲಿರಬೇಕು. ಸ್ಟಾಕ್‌ಹೋಮಿನ ಆ ದಿನವು ಕಲಿಸಿದ ಪಾಠವನ್ನು ಮರೆಯಲಾಗದು. ಮನೆಯವರ ಒಪ್ಪಿಗೆಯಿಲ್ಲದೆ, ಬಲಾತ್ಕಾರದಿಂದ ಯಾರನ್ನೂ ಓಡಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಮಕ್ಕಳು ಮೇಷ್ಟರ ಕೀರ್ತಿಗೆ ಜಯಕಾರ ಹಾಕುವ ಪರಿವಾರವಾಗದೆ ಸಾಧನೆಯಲ್ಲಿ ಜೊತೆಗಾರರಾಗಬೇಕು. ಈ ನಿಯಮಗಳನ್ನು ಮೀರುವವರನ್ನು ತಂದೆತಾಯಿಗಳು ತಡೆಯಲಿ, ಅದು ಅವರ ಧರ್ಮ. ಪಾಲಿಸುವವರನ್ನು ತಡೆಯುವುದು ಮಕ್ಕಳಿಗೆ ಬಗೆಯುವ ದ್ರೋಹ.

1967ರಲ್ಲಿ ಸ್ವೀಡನ್ನಿನವರು 75 ವರ್ಷದ ಕನಕುರಿಯವರನ್ನು ಮತ್ತೆ ಕರೆಸಿಕೊಂಡರು. ಅವರು ಅದೇ ಕ್ರೀಡಾಂಗಣದಲ್ಲಿ ಗುರಿಯ ಗೆರೆಯನ್ನು ದಾಟಿದರು. ಹಿಡಿದ ಕಾಲವು 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡುಗಳೆಂದು ಪ್ರಕಟವಾಯಿತು. ಜಗತ್ತು ಅದನ್ನು ವಿನೋದವೆಂದು ನಕ್ಕಿತು. ಆದರೆ ಆ ಐವತ್ತನಾಲ್ಕು ವರ್ಷಗಳಲ್ಲಿ ಆ ಮೇಷ್ಟರ ಹಿಂದೆ ಓಡಿದ ಮಕ್ಕಳೆಷ್ಟು! ಅವರನ್ನು ಎಣಿಸಬಲ್ಲ ಗಡಿಯಾರವಿಲ್ಲ. ನಾಳೆ ಮುಂಜಾನೆ ಬಾಗಿಲಲ್ಲಿ ಮೇಷ್ಟರ ಕರೆ ಕೇಳಿಸಿದಾಗ, ಮಗನೊಡನೆ ಮಗಳನ್ನೂ ಎಬ್ಬಿಸಿ ಕಳುಹಿಸುವ ಮನೆಯೇ ನಿಜವಾಗಿ ವಿದ್ಯಾವಂತರ ಮನೆ.