ಪಹಣಿ ತೆಗೆಯುವ ಬ್ರೌಸರಿಗೆ ಬೇರೆ ಕಣ್ಣು ಬೇಡ

ಕುದೂರಿನಂಥ ಹೋಬಳಿ ಊರಿನಲ್ಲಿ ಸೇವಾ ಕೇಂದ್ರ ಎಂದರೆ ಒಂದು ಮೇಜು, ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಬೆರಳೊತ್ತುವ ಒಂದು ಪುಟ್ಟ ಯಂತ್ರ. ಬಾಗಿಲು ತೆರೆಯುವ ಮೊದಲೇ ನಾಲ್ಕಾರು ಜನ ಜಗಲಿ ಮೇಲೆ ಕೂತಿರುತ್ತಾರೆ. ಒಬ್ಬರಿಗೆ ಪಹಣಿ ಬೇಕು, ಇನ್ನೊಬ್ಬರಿಗೆ ಮಗಳ ಜಾತಿ, ಆದಾಯ ಪ್ರಮಾಣಪತ್ರ, ಮತ್ತೊಬ್ಬರ ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಬೇಕು. ಹೊಲದ ಕೆಲಸಕ್ಕೆ ಸವೆದ ಹೆಬ್ಬೆರಳನ್ನು ಯಂತ್ರ ಒಂದೇ ಸಲಕ್ಕೆ ಗುರುತು ಹಿಡಿಯುವುದಿಲ್ಲ. ಪಂಚೆಯ ಅಂಚಿಗೆ ಒರೆಸಿಕೊಂಡು ಮತ್ತೆ ಒತ್ತಬೇಕು. ಆಮೇಲೆ ಮೊಬೈಲಿಗೆ ಬಂದ ಒಟಿಪಿಯನ್ನು ಗಟ್ಟಿಯಾಗಿ ಓದಿ ಹೇಳಬೇಕು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಸರ್ವೆ ನಂಬರ್, ಮನೆಮಂದಿಯ ಹೆಸರು, ಎಲ್ಲವೂ ಒಂದೇ ಬ್ರೌಸರಿನೊಳಗೆ ಇಳಿಯುತ್ತವೆ.

ಅದೇ ಬ್ರೌಸರಿನ ಬಲಮೂಲೆಯಲ್ಲಿ ಪುಟ್ಟ ಪುಟ್ಟ ಚಿತ್ರಗಳ ಸಾಲೊಂದು ಇರುವುದುಂಟು. ಫೋಟೊ ಅಳತೆ ಕಿರಿದು ಮಾಡಲು ಒಂದು, ಪಿಡಿಎಫ್ ಜೋಡಿಸಲು ಒಂದು, ಪರದೆಯ ಚಿತ್ರ ತೆಗೆಯಲು ಒಂದು, ಅರ್ಜಿ ತಾನಾಗಿ ತುಂಬಲು ಇನ್ನೊಂದು. ಇವಕ್ಕೆ ಈಗ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಹಳಬರ ಬಾಯಲ್ಲಿ ಇನ್ನೂ ಪ್ಲಗಿನ್. ಯಾರೂ ದುರುದ್ದೇಶದಿಂದ ಹಾಕಿಕೊಂಡಿರುವುದಿಲ್ಲ. ಇಷ್ಟು ಕೆಬಿಗಿಂತ ದೊಡ್ಡ ಫೋಟೊ ಒಲ್ಲೆ ಎಂದು ತಾಣ ಹಟ ಹಿಡಿದಾಗ, ಹೊರಗೆ ಸಾಲು ಬೆಳೆಯುತ್ತಿರುವಾಗ, ಕೈಗೆ ಸಿಕ್ಕಿದ್ದನ್ನು ಹಾಕಿ ಕೆಲಸ ಮುಗಿಸಿರುತ್ತಾರೆ. ಹಾಕುವ ಹೊತ್ತಿನಲ್ಲಿ ಬ್ರೌಸರ್ ಒಂದು ಮಾತು ಕೇಳಿರುತ್ತದೆ: ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಮಾಹಿತಿಯನ್ನು ಇದು ಓದಬಹುದು, ಬದಲಿಸಬಹುದು, ಒಪ್ಪಿಗೆಯೇ? ಆ ಸಾಲನ್ನು ನಿಂತು ಓದಲು ಯಾರಿಗೂ ಪುರಸತ್ತಿಲ್ಲ.

ಆ ಸಾಲಿನ ಅರ್ಥ ಅಕ್ಷರಶಃ ಅಷ್ಟೇ. ಬ್ಯಾಂಕಿನಿಂದಲೋ ಸೇವಾ ಸಿಂಧುವಿನಿಂದಲೋ ಹೊರಟ ಮಾಹಿತಿ ದಾರಿಯುದ್ದಕ್ಕೂ ಗೂಢಲಿಪಿಯಲ್ಲಿ ಬರುತ್ತದೆ, ನಡುವೆ ಕದಿಯುವವರಿಗೆ ಏನೂ ತಿಳಿಯುವುದಿಲ್ಲ. ಬ್ರೌಸರಿಗೆ ಬಂದು ಮುಟ್ಟಿದ ಮೇಲೆ ಅದು ಬಿಚ್ಚಿಕೊಳ್ಳಲೇಬೇಕು, ಇಲ್ಲವಾದರೆ ನಮಗೂ ಕಾಣದು. ಎಕ್ಸ್‌ಟೆನ್ಷನ್ ಕೂತಿರುವುದು ಆ ಬಿಚ್ಚಿದ ಜಾಗದಲ್ಲೇ. ಪುಟದಲ್ಲಿ ಮೂಡಿದ ಅಕ್ಷರ, ಪೆಟ್ಟಿಗೆಯಲ್ಲಿ ಬೆರಳಚ್ಚಿಸಿದ ಒಟಿಪಿ, ಎರಡೂ ಅದರ ಕಣ್ಣಿಗೆ ಬೀಳುತ್ತವೆ. ಬೆರಳಿನ ಗುರುತಿನ ಮಟ್ಟಿಗೆ ಒಂದು ಸಮಾಧಾನವಿದೆ: 2017ರಲ್ಲಿ ಆಧಾರ್ ಪ್ರಾಧಿಕಾರ ಕಡ್ಡಾಯ ಮಾಡಿದ ನೋಂದಾಯಿತ ಯಂತ್ರಗಳು ಅಚ್ಚನ್ನು ಗೂಢಲಿಪಿಗೆ ತಿರುಗಿಸಿಯೇ ತಾಣಕ್ಕೆ ಕೊಡುತ್ತವೆ. ಉಳಿದದ್ದಕ್ಕೆ ಆ ಕಾವಲಿಲ್ಲ. ವಿಳಾಸಪಟ್ಟಿಯ ಬೀಗದ ಚಿತ್ರ ಕಂಡು ತಾಣ ಪೂರ್ತಿ ಭದ್ರ ಎಂದು ಜನ ತಪ್ಪು ತಿಳಿಯುತ್ತಾರೆಂದು ಕ್ರೋಮ್ 2023ರ ಸೆಪ್ಟೆಂಬರ್‌ನಲ್ಲಿ ಆ ಬೀಗವನ್ನೇ ತೆಗೆದುಹಾಕಿತು.

ಇಲ್ಲೊಂದು ಹಳೆಯ ಅಭ್ಯಾಸ ತಿರುವುಮುರುವಾಗಬೇಕಿದೆ. ಫ್ಲ್ಯಾಶ್, ಜಾವಾ ಪ್ಲಗಿನ್‌ಗಳ ಕಾಲದಲ್ಲಿ ಅಪಾಯ ಬರುತ್ತಿದ್ದುದು ತಾಣದ ಕಡೆಯಿಂದ. ಗೊತ್ತುಗುರಿಯಿಲ್ಲದ ತಾಣವೊಂದು ಪ್ಲಗಿನ್‌ನ ಬಿರುಕಿನಲ್ಲಿ ನುಗ್ಗಿ ಕಂಪ್ಯೂಟರನ್ನೇ ವಶಮಾಡಿಕೊಳ್ಳುತ್ತಿತ್ತು. ಹಾಗಾಗಿ ಆಗಿನ ಬುದ್ಧಿಮಾತು ಸರಿಯಾಗಿತ್ತು: ಪ್ಲಗಿನ್ ಎಲ್ಲ ಕಡೆ ಮುಚ್ಚಿಡಿ, ನಂಬಿದ ತಾಣದಲ್ಲಿ ಮಾತ್ರ ತೆರೆಯಿರಿ. ಡಿಜಿಟಲ್ ಸಹಿ ಹಾಕಬೇಕಾದ ಎಷ್ಟೋ ಸರ್ಕಾರಿ ತಾಣಗಳು ಜಾವಾ ಬೇಡುತ್ತಿದ್ದವು. ತಾಣದ ವಿಳಾಸವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ನಂಬಿಕೆಯ ಪಟ್ಟಿಗೆ ಸೇರಿಸಿ, ಕೇಳಿದ್ದಕ್ಕೆಲ್ಲ ಹೂಂ ಎನ್ನಿ ಎಂಬ ಸೂಚನೆ ಕಚೇರಿ ಗೋಡೆಗಳ ಮೇಲೆ ಅಂಟಿರುತ್ತಿತ್ತು. ಕ್ರೋಮ್ 2015ರಲ್ಲಿ ಹಳೆಯ ಬಗೆಯ ಪ್ಲಗಿನ್‌ಗಳನ್ನು ಕೈಬಿಟ್ಟಿತು. ಫೈರ್‌ಫಾಕ್ಸ್ 2017ರಲ್ಲಿ ಫ್ಲ್ಯಾಶ್ ಒಂದನ್ನುಳಿದು ಮಿಕ್ಕದ್ದನ್ನು ಬಿಟ್ಟಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಕೂಡ ಮುಗಿಯಿತು.

ಈಗ ಅಪಾಯ ತಾಣದ ಕಡೆಯಿಂದಲ್ಲ, ಎಕ್ಸ್‌ಟೆನ್ಷನ್‌ನ ಕಡೆಯಿಂದ. ಅಡುಗೆ ವಿಡಿಯೊ ನೋಡುವಾಗ ಎಕ್ಸ್‌ಟೆನ್ಷನ್ ಇಣುಕಿದರೆ ಹೋಗುವುದು ಅಷ್ಟರಲ್ಲೇ ಇದೆ. ಭೂಮಿ, ಸೇವಾ ಸಿಂಧು, ಬ್ಯಾಂಕ್, ತೆರಿಗೆ ತಾಣಗಳಲ್ಲಿ ಇಣುಕಿದರೆ ಸಂಸಾರವೇ ಬಯಲು. ಎಂದಮೇಲೆ ನಾವು ಕಣ್ಣುಮುಚ್ಚಿ ನಂಬುವ ತಾಣಗಳಲ್ಲೇ ಎಕ್ಸ್‌ಟೆನ್ಷನ್‌ಗೆ ಮೊದಲು ಬಾಗಿಲು ಹಾಕಬೇಕು. ನಂಬಿಕೆ ಇರುವುದು ತಾಣದ ಮೇಲೆ. ಜೊತೆಯಲ್ಲಿ ಒಳಗೆ ಬಂದವರ ಮೇಲಲ್ಲ.

ಇದು ಬರೀ ಭಯದ ಮಾತಲ್ಲ. ಹಳೆಯ, ನಿಧಾನದ ಕಂಪ್ಯೂಟರ್‌ಗಳಲ್ಲಿ ತೆರೆದಿಟ್ಟ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿದ್ದ ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಎಕ್ಸ್‌ಟೆನ್ಷನ್‌ಗೆ 20 ಲಕ್ಷ ಬಳಕೆದಾರರಿದ್ದರು. ಒಳ್ಳೆಯ ಸಾಧನವೇ ಆಗಿತ್ತು. 2020ರಲ್ಲಿ ಅದನ್ನು ಕಟ್ಟಿದವರು ಬೇರೆಯವರಿಗೆ ಮಾರಿದರು. ಹೊಸ ಕೈಗಳಲ್ಲಿ ಅದು ಕೆಟ್ಟಿತು. 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಕಿತ್ತುಹಾಕಿತು. ಮಾರಾಟವಾದ ಸುದ್ದಿ ಬಳಸುತ್ತಿದ್ದ ಎಷ್ಟು ಜನರಿಗೆ ಗೊತ್ತಾಗಿರಬೇಕು? 2020ರಲ್ಲೇ ಭಾರತದ ಸೈಬರ್ ತುರ್ತು ಸ್ಪಂದನಾ ತಂಡ ಸರ್ಟ್-ಇನ್, ಗೂಗಲ್ 106 ಎಕ್ಸ್‌ಟೆನ್ಷನ್‌ಗಳನ್ನು ತೆಗೆದ ಸಂಗತಿ ಹೇಳಿ ಎಚ್ಚರಿಕೆ ಹೊರಡಿಸಿತ್ತು.

2024ರ ಕ್ರಿಸ್‌ಮಸ್ ಹೊತ್ತಿನದು ಇನ್ನೂ ಕಣ್ಣು ತೆರೆಸುವ ಪ್ರಸಂಗ. ಸೈಬರ್‌ಹೇವನ್ ಕಂಪನಿಯ ಕಸುಬೇ ಮಾಹಿತಿ ಸೋರದಂತೆ ಕಾಯುವುದು. ಅದರ ಉದ್ಯೋಗಿಯೊಬ್ಬರಿಗೆ, ನಿಮ್ಮ ಎಕ್ಸ್‌ಟೆನ್ಷನ್ ಅಂಗಡಿಯಿಂದ ತೆಗೆಯಲಾಗುತ್ತದೆ ಎಂಬ ಸುಳ್ಳು ಮೇಲ್ ಬಂತು. ಅವರು ಒತ್ತಬಾರದ ಕೊಂಡಿ ಒತ್ತಿದರು. ಕಳ್ಳರು ಆ ಕಂಪನಿಯ ಹೆಸರಿನಲ್ಲೇ ಕೆಟ್ಟ ಆವೃತ್ತಿಯೊಂದನ್ನು ಏರಿಸಿದರು. ಸುಮಾರು 4 ಲಕ್ಷ ಜನ ಬಳಸುತ್ತಿದ್ದ ಎಕ್ಸ್‌ಟೆನ್ಷನ್ ಅದು, ಅಪ್‌ಡೇಟ್ ತಾನಾಗಿಯೇ ಇಳಿಯುವಂಥದ್ದು. ಬಳಕೆದಾರರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಕಾಯುವವರ ಮನೆಗೇ ಕನ್ನ ಬೀಳಬಹುದಾದರೆ, ಫೋಟೊ ಕಿರಿದು ಮಾಡುವ ಯಾವುದೋ ಅನಾಮಿಕ ಸಾಧನವನ್ನು ಪಹಣಿಯ ಪುಟದೊಳಗೆ ಬಿಟ್ಟುಕೊಳ್ಳುವುದು ಎಲ್ಲಿಯ ಜಾಣತನ?

ನಮ್ಮ ರಾಜ್ಯಕ್ಕೆ ಸೋರಿಕೆಯ ಪೆಟ್ಟು ಹೊಸದೂ ಅಲ್ಲ. 2023ರಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನ ನಕಲು ಮಾಡಿ, ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಖಾತೆಗಳಿಂದ ಹಣ ಎಳೆದ ಪ್ರಕರಣಗಳು ಹೊರಬಿದ್ದವು. ಪತ್ರಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮ ಆಮೇಲೆ ಬಂತು. ಅದಕ್ಕೂ ಎಕ್ಸ್‌ಟೆನ್ಷನ್‌ಗೂ ಸಂಬಂಧವಿಲ್ಲ. ಆದರೆ ಒಂದು ಕಡೆ ಸೋರಿದ ಚೂರು ಇನ್ನೊಂದು ಕಡೆ ಹೇಗೆ ದುಡ್ಡಾಗುತ್ತದೆ ಎಂಬುದನ್ನು ಅದು ತೋರಿಸಿತು.

ಕನ್ನಡದ ಕೆಲಸಕ್ಕೆ ಎಕ್ಸ್‌ಟೆನ್ಷನ್ ಬೇಕೇಬೇಕಲ್ಲ ಎನ್ನುವವರಿದ್ದಾರೆ. ಅರ್ಜಿಯಲ್ಲಿ ಹೆಸರು ಕನ್ನಡದಲ್ಲಿ ಕೇಳುತ್ತಾರೆ, ಬ್ರೌಸರಿನೊಳಗೆ ಕನ್ನಡ ಮೂಡಿಸುವ ಸಾಧನ ಹಾಕಿಕೊಂಡಿರುತ್ತಾರೆ. ನ್ಯಾಯವಾದ ಮಾತೇ. ಆದರೂ ಯೋಚಿಸಬೇಕು: ಟೈಪಿಂಗ್‌ಗೆ ನೆರವಾಗುವ ಯಾವ ಸಾಧನವಾದರೂ ಒತ್ತಿದ ಪ್ರತಿ ಕೀಲಿಯನ್ನೂ ನೋಡಲೇಬೇಕು, ಅದರ ಕೆಲಸವೇ ಅದು. ಅಂಥದ್ದು ಬ್ರೌಸರಿನೊಳಗೆ ಇರಬೇಕಾದ ಅಗತ್ಯ ಈಗಿಲ್ಲ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯನ್ನು ಒಳಗೊಂಡ ನುಡಿ ತಂತ್ರಾಂಶ ಬಂದು ಎರಡು ದಶಕ ದಾಟಿತು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವವರಿಗೆ 2019ರಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಲಿಮಣೆ ಇದೆ.

ಹೊಣೆಯನ್ನೆಲ್ಲ ಕೇಂದ್ರದಲ್ಲಿ ಕೂತ ಹುಡುಗನ ತಲೆಗೆ ಕಟ್ಟುವುದು ಅನ್ಯಾಯ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳ ಮುಂದೆ ಹೆಂಗಸರ ಸಾಲು ರಸ್ತೆಯವರೆಗೆ ಬಂದಿತ್ತು, ಸರ್ವರ್ ಕೈಕೊಡುತ್ತಿತ್ತು. ಅಂಥ ದಿನ ಯಾರು ಅನುಮತಿಯ ಸಾಲು ಓದುತ್ತಾರೆ? ಆದ್ದರಿಂದ ಸರ್ಕಾರವೇ ಮುಂದೆ ಬರಬೇಕು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಆಡಳಿತ ನಡೆಸುವವರಿಗೆಂದೇ ಸೌಲಭ್ಯವಿದೆ: ಪಟ್ಟಿಯಲ್ಲಿ ಇಲ್ಲದ ಎಕ್ಸ್‌ಟೆನ್ಷನ್ ಹಾಕಲು ಬಿಡದಿರಬಹುದು, ಹಾಕಿದ್ದನ್ನು ಇಂತಿಂಥ ತಾಣಗಳಲ್ಲಿ ಓಡದಂತೆ ತಡೆಯಬಹುದು. ಇದಕ್ಕೆ ಬೇರೆ ತಂತ್ರಾಂಶ ಕೊಳ್ಳಬೇಕಿಲ್ಲ. ಲಾಗಿನ್ ಕೊಡುವ ಇಲಾಖೆ ಈ ಸೆಟ್ಟಿಂಗ್‌ನ ಕಡತವನ್ನೂ ಜೊತೆಗೇ ಕೊಡಲಿ. ಫೈರ್‌ಫಾಕ್ಸ್ 2023ರ ಜುಲೈನಿಂದ ಇಂಥದ್ದನ್ನು ತಾನೇ ಶುರುಮಾಡಿದೆ: ಫೈರ್‌ಫಾಕ್ಸ್ ತಯಾರಕ ಮೊಜಿಲ್ಲಾ ಗುರುತಿಸಿದ ಕೆಲವು ತಾಣಗಳಲ್ಲಿ ಅದು ಪರಿಶೀಲಿಸದ ಎಕ್ಸ್‌ಟೆನ್ಷನ್‌ಗಳು ಸುಮ್ಮನಾಗುತ್ತವೆ, ಬಳಕೆದಾರ ಬೇಕೆಂದರೆ ಮಾತ್ರ ಓಡುತ್ತವೆ. ಕರ್ನಾಟಕದ ಸರ್ಕಾರಿ ತಾಣಗಳಿಗೂ ಇಂಥ ಕಾವಲು ಬೇಕು ಎಂದು ಕೇಳುವ ಹಕ್ಕು ರಾಜ್ಯಕ್ಕಿದೆ.

ಅದು ಬರುವವರೆಗೂ ಕಾಯಬೇಕಿಲ್ಲ. ಕ್ರೋಮ್‌ನಲ್ಲಿ 2018ರಿಂದಲೇ ಪ್ರತಿ ಎಕ್ಸ್‌ಟೆನ್ಷನ್‌ಗೂ ಮೂರು ಆಯ್ಕೆಗಳಿವೆ: ಎಲ್ಲ ತಾಣಗಳಲ್ಲಿ, ಹೆಸರಿಸಿದ ತಾಣಗಳಲ್ಲಿ ಮಾತ್ರ, ಅಥವಾ ಅದನ್ನು ಒತ್ತಿದಾಗ ಮಾತ್ರ. ಮೂರನೆಯದನ್ನು ಆರಿಸಿದರೆ ಕೇಳದೆ ಯಾವುದೂ ಪುಟದೊಳಗೆ ಬರುವುದಿಲ್ಲ. ಇನ್ನೂ ಸುಲಭದ್ದು, ಅಜ್ಞಾತ ಕಿಟಕಿ. ಅಲ್ಲಿ ನಾವಾಗಿ ಬಿಟ್ಟುಕೊಳ್ಳದ ಹೊರತು ಎಕ್ಸ್‌ಟೆನ್ಷನ್‌ಗಳು ಓಡುವುದೇ ಇಲ್ಲ. ಬ್ಯಾಂಕಿನ ಕೆಲಸಕ್ಕೆ ಅದನ್ನೇ ತೆರೆಯಬಹುದು. ಸರ್ಕಾರಿ ಕೆಲಸಕ್ಕೆ ಒಂದು ಪ್ರೊಫೈಲ್, ಮಿಕ್ಕದ್ದಕ್ಕೆ ಇನ್ನೊಂದು ಮಾಡಿಕೊಂಡರೆ ಮತ್ತೂ ಒಳ್ಳೆಯದು. ಮೊದಲನೆಯದರಲ್ಲಿ ಒಂದೂ ಎಕ್ಸ್‌ಟೆನ್ಷನ್ ಬೇಡ. ಫೋಟೊ ಕಿರಿದು ಮಾಡಲು ವಿಂಡೋಸ್ ಜೊತೆಗೇ ಬರುವ ಪೇಂಟ್ ಸಾಕು. ಪುಟವನ್ನು ಪಿಡಿಎಫ್ ಮಾಡಲು ಬ್ರೌಸರಿನ ಪ್ರಿಂಟ್ ಗುಂಡಿಯಲ್ಲೇ ದಾರಿಯಿದೆ.